ರಕ್ತ ಸುಳ್ಳ ಹೇಳೂದಿಲ್ಲ ಅಂದವರು

ಶ್ರದ್ಧಾಂಜಲಿಯ ಬ್ಯಾನರ್ ಕಟ್ಟುವುದರಲ್ಲಿ ಜಮಖಂಡಿಯವರನ್ನು ಮೀರಿಸುವವರಿಲ್ಲ. ಡಾಕ್ಟರ್ ಸಾಹೇಬರು ತೀರಿಕೊಂಡ ಮರುದಿನವೇ ಬಸ್ ನಿಲ್ದಾಣದಿಂದ ಅವರ ಆಸ್ಪತ್ರೆಯ ತಿರುವಿನವರೆಗೆ ಕಂಬಕ್ಕೊಂದು ಫೋಟೋ ನೇತಾಡಿತು. ‘ಬಡವರ ಪಾಲಿನ ದೇವರು’, ‘ಸಾವಿರಾರು ಕಂದಮ್ಮಗಳ ಜೀವದಾತ’. ಕೆಳಗೆ ಕೈಮುಗಿದವರ ಸಾಲು. ಕೆಲವರ ಮುಖ ತೀರಿಕೊಂಡವರ ಮುಖಕ್ಕಿಂತ ದೊಡ್ಡದಾಗಿತ್ತು.

ನಮ್ಮ ವೈದ್ಯರ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ನುಡಿನಮನ ಇಟ್ಟೇವ್ರಿ. ನೀವು ಅವರ ಕೈಕೆಳಗ ಕಲತವರು. ಬಂದು ಎರಡ ಛಲೋ ಮಾತ ಆಡಬೇಕ್ರಿ."

"ಎರಡು ಸಿಗೂದಿಲ್ರಿ. ಒಂದ ಐತಿ," ಅಂದೆ. ಚೇಷ್ಟೆ ಅಂದುಕೊಂಡು ನಕ್ಕರು.

ಆ ಒಂದನ್ನು ಮೊದಲೇ ಹೇಳಿ ಕೈ ತೊಳೆದುಕೊಳ್ಳುತ್ತೇನೆ. ಅವರ ಕೈ ಒಳ್ಳೆಯದಿತ್ತು. ಕೃಷ್ಣೆ ಉಕ್ಕಿ ದಾರಿ ಮುಳುಗಿದ್ದಾಗ ಟ್ರ್ಯಾಕ್ಟರ್ ಏರಿ ಹೊಳೆದಂಡೆಯ ಹಳ್ಳಿಗೆ ಹೋಗಿ, ಕಾಲು ಮುಂದಾಗಿ ಬರುತ್ತಿದ್ದ ಕೂಸನ್ನು ಹೊರಗೆ ತಂದು, ತಾಯಿಯನ್ನೂ ಉಳಿಸಿದವರು. ನಾನು ಓದು ಮುಗಿಸಿ ಮೊದಲ ಕೆಲಸಕ್ಕೆಂದು ಸೇರಿದ್ದು ಅವರ ಆಸ್ಪತ್ರೆಗೆ. ಹೆರಿಗೆ ಮಾಡಿಸುವಾಗ ಅವಸರಪಡಬಾರದು ಎಂಬುದನ್ನು ಅವರನ್ನು ನೋಡಿಯೇ ಕಲಿತೆ. ಆದರೆ ಕೈಯಿದ್ದವರಿಗೆಲ್ಲ ತಲೆಯೂ ಇರುತ್ತದೆಂದು ಎಲ್ಲಿ ಬರೆದಿದೆ?

ಲ್ಯಾಬಿನ ಯಂತ್ರಗಳು ಜಮಖಂಡಿಗೆ ಬಂದದ್ದೇ ತಡ, ಸಾಹೇಬರು ರೋಗಿಯ ಮೈ ಮುಟ್ಟುವುದನ್ನು ಬಿಟ್ಟರು. ಒಳಗೆ ಬಂದವರು ಕೂರುವ ಮೊದಲೇ ರಕ್ತಕ್ಕೆ ಚೀಟಿ. ರಿಪೋರ್ಟ್ ಬಂದ ಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು, ‘ಪಾಸಿಟಿವ್’ ಎಂದಿದ್ದ ಕಡೆ ಒಂದು ಸುತ್ತು ಹಾಕುತ್ತಿದ್ದರು. ಅದೂ ನಿಧಾನವಾಗಿ, ಎರಡು ತುದಿ ಸರಿಯಾಗಿ ಕೂಡುವಂತೆ. ಸುತ್ತು ಬಿತ್ತೆಂದರೆ ರೋಗ, ಬೀಳಲಿಲ್ಲವೆಂದರೆ ಆರೋಗ್ಯ. ಇಷ್ಟೇ ಅವರ ವೈದ್ಯಶಾಸ್ತ್ರ. "ಸಾಹೇಬ್ರ, ನಂಗ ಏನೂ ತ್ರಾಸ ಇಲ್ಲಲ್ರಿ" ಎಂದು ಯಾರಾದರೂ ತಡವರಿಸಿದರೆ, ರಿಪೋರ್ಟನ್ನು ಸುರುಳಿ ಸುತ್ತಿ ಮೇಜಿಗೆ ಬಡಿದು, "ಮನಷ್ಯಾ ಸುಳ್ಳ ಹೇಳತಾನ ತಂಗಿ, ರಕ್ತ ಸುಳ್ಳ ಹೇಳೂದಿಲ್ಲ" ಅನ್ನುತ್ತಿದ್ದರು. ಆಹಾ, ಏನು ಮಾತು! ಹೊರಗೆ ಬಂದವರು ಅದನ್ನು ವಚನದಂತೆ ಹೇಳಿಕೊಂಡು ಓಡಾಡುತ್ತಿದ್ದರು.

ರಕ್ತ ಸುಳ್ಳು ಹೇಳುವುದಿಲ್ಲ, ಸರಿ. ಅದು ಏನು ಹೇಳುತ್ತಿದೆ ಎಂದು ತಿಳಿಯಬೇಕಲ್ಲ? ವೈರಾಣು ಮೈಗೆ ಹೊಕ್ಕಾಗ ನಮ್ಮ ಮೈ ಅದಕ್ಕೆ ಎದುರಾಗಿ ಪ್ರತಿಕಾಯಗಳನ್ನು ಕಟ್ಟುತ್ತದೆ. ಸಾಹೇಬರು ಬರೆದುಕೊಡುತ್ತಿದ್ದ ರಕ್ತಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಈ ಪ್ರತಿಕಾಯಗಳನ್ನು. ಓಣಿಯಲ್ಲಿ ಒಮ್ಮೆ ಕಳವಾಯಿತೆಂದು ಗೂರ್ಖಾನನ್ನು ಇಟ್ಟರೆ, ಕಳ್ಳ ಓಡಿಹೋಗಿ ಎಷ್ಟೋ ವರ್ಷವಾದರೂ ಆತ ಸೀಟಿ ಊದುತ್ತ ತಿರುಗುತ್ತಿರುತ್ತಾನೆ. ಸೀಟಿ ಕೇಳಿದ ಕೂಡಲೇ ‘ಕಳ್ಳ ಬಂದ’ ಎಂದು ಬೊಬ್ಬೆ ಹೊಡೆಯುವವನನ್ನು ಏನೆನ್ನಬೇಕು? ಜಮಖಂಡಿಯಲ್ಲಿ ಅವನನ್ನು ಸಾಹೇಬರು ಅನ್ನುತ್ತಿದ್ದರು.

ಅದರ ಉಲ್ಟಾ ಕಥೆಯೂ ಇದೆ. ಸಮೀರವಾಡಿಯ ಕಡೆಯಿಂದ ಕಾರ್ಖಾನೆಯ ಕೆಲಸಗಾರನೊಬ್ಬ ಜ್ವರ ಹತ್ತಿದ ಮರುದಿನವೇ ಇವರ ಹತ್ತಿರ ಬಂದ. ಡೆಂಗ್ಯೂ ಪ್ರತಿಕಾಯ ನೋಡಿಸಿದರು. ಪ್ರತಿಕಾಯ ಕಟ್ಟಲು ಮೈಗೆ ನಾಲ್ಕೈದು ದಿನವಾದರೂ ಬೇಕು, ಮರುದಿನಕ್ಕೆ ಎಲ್ಲಿಂದ ಬರಬೇಕು? ರಿಪೋರ್ಟ್ ನೆಗೆಟಿವ್. "ಏನೂ ಇಲ್ಲಪಾ, ಹೋಗಿ ದುಡಿ" ಎಂದು ಕಳಿಸಿದರು. ಆ ಮನುಷ್ಯ ವಸಡಿನಲ್ಲಿ ರಕ್ತ ಸೋರುತ್ತ ಮುಧೋಳಕ್ಕೆ ನನ್ನ ಹತ್ತಿರ ಬಂದು ಬಿದ್ದ. ಆಯುಷ್ಯ ಗಟ್ಟಿಯಿತ್ತು, ಬದುಕಿದ. ನಾನು ಫೋನ್ ಮಾಡಿ ಹೇಳಿದರೆ ಸಾಹೇಬರು ಏನಂದರು ಗೊತ್ತೇ? "ನನ್ನ ಕಡೆ ಬಂದಾಗ ಡೆಂಗ್ಯೂ ಇರಲಿಲ್ರಿ. ಆಮ್ಯಾಲೆ ದಾರ್‍ಯಾಗ ಹತ್ತಿರಬೇಕು." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ಮುಟ್ಟಿಸಿ ತೋರಿಸಿದರೂ ಅದನ್ನು ಬಾಲ ಎನ್ನುತ್ತಾರೆ.

ತಮಾಷೆಯೆಂದರೆ, ತಮ್ಮ ರಕ್ತದ ವಿಷಯದಲ್ಲಿ ಸಾಹೇಬರ ಶಾಸ್ತ್ರ ಬೇರೆಯೇ ಇತ್ತು. ಕೊರೊನಾ ಲಸಿಕೆ ಹಾಕಿಸಿಕೊಂಡ ಮೇಲೆ ತಮ್ಮ ಪ್ರತಿಕಾಯ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗೆ ಮೊದಲು ಬಂದವರಂತೆ ಮದುವೆ ಮನೆಗಳಲ್ಲಿ ಹೇಳುತ್ತ ತಿರುಗಿದರು. ತಮ್ಮ ಮೈಯಲ್ಲಿದ್ದರೆ ಶಕ್ತಿ, ಬಡವರ ಮನೆಯ ಸೊಸೆಯ ಮೈಯಲ್ಲಿದ್ದರೆ ರೋಗ. ಈ ಭೇದ ಅವರಿಗೆ ಒಂದು ದಿನವೂ ಹೊಳೆಯಲಿಲ್ಲ. ದುಡ್ಡಿಗಾಗಿ ಹೀಗೆ ಮಾಡುತ್ತಿದ್ದರು ಎಂದು ಅನೇಕರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಅಲ್ಲ. ದುಡ್ಡಿನ ಆಸೆಯವರಾಗಿದ್ದರೆ ಹೇಗಾದರೂ ಹೆದರಿಸಿ ದಾರಿಗೆ ತರಬಹುದಿತ್ತು. ಇವರು ಮನಸಾರೆ ನಂಬಿದ್ದರು. ಒಂದು ಪುಸ್ತಕ ತೆರೆದು ನೋಡುವಷ್ಟು ಅನುಮಾನವೂ ಇರಲಿಲ್ಲ. ಅದನ್ನೇ ನಾನು ಕ್ಷಮಿಸಲಾರೆ.

ಮೂರು ವರ್ಷದ ಹಿಂದೆ ಬನಹಟ್ಟಿಯ ನೀಲವ್ವ ಸೊಸೆಯನ್ನು ಕರೆದುಕೊಂಡು ಮುಧೋಳದ ನನ್ನ ಆಸ್ಪತ್ರೆಗೆ ಬಂದಳು. ಮನೆಯಲ್ಲಿ ಮಗ್ಗ, ಮಗ ನೇಯುವವನು. ಸೊಸೆ ರೇಣುಕಾ ಬೀಳಗಿಯ ಹುಡುಗಿ, ಇಪ್ಪತ್ತೊಂದರ ಆಸುಪಾಸು. ನೀಲವ್ವ ಸೆರಗಿನ ಗಂಟಿನಿಂದ ಸಾಹೇಬರ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ರುಬೆಲ್ಲಾ ಪಾಸಿಟಿವ್, ಕೂಸು ಅಂಗವಿಕಲ ಆಗುತ್ತದೆ, ತೆಗೆಸುವುದು. ಜೊತೆಗೆ ರಿಪೋರ್ಟು, ಅದರ ಮೇಲೆ ಕೆಂಪು ಸುತ್ತು.

"ಸಾಹೇಬ್ರು ಮದವಿಗೆಂತ ಕೊಲ್ಲಾಪುರಕ್ಕ ಹೋಗ್ಯಾರ್ರಿ ಅಕ್ಕಾರ," ಅಂದಳು ನೀಲವ್ವ. "ತಡಾ ಮಾಡಬ್ಯಾಡ್ರಿ, ಎಲ್ಲೆರ ಮಾಡಸ್ರಿ ಅಂದಾರ. ಕಳ್ಳಕುಬಸಾ ಇನ್ನೂ ಆಗಿಲ್ಲ. ಮಂದಿಗೆ ಗೊತ್ತಾಗೂದ್ರೊಳಗ ಮುಗಿಸಿ ಬಿಡ್ರಿ."

ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು. ಬಸುರಿಯಾದ ಸುದ್ದಿಯನ್ನು, ಕಣ್ಣು ತಾಗೀತೆಂದು, ಮೊದಲ ತಿಂಗಳುಗಳಲ್ಲಿ ಬಾಯಿ ಬಿಡುವುದಿಲ್ಲ. ಆಮೇಲೆ ತವರಿನವರು ಗದ್ದಲವಿಲ್ಲದೆ ಬಂದು ಹಸಿರು ಸೀರೆ, ಕುಬಸ ಕೊಟ್ಟು ಉಡಿ ತುಂಬುತ್ತಾರೆ. ಅದೇ ಕಳ್ಳಕುಬಸ. ಅಲ್ಲಿಯವರೆಗೆ ಬಗಲ ಮನೆಯವರಿಗೂ ಗೊತ್ತಿಲ್ಲ. ಸಾಹೇಬರ ಹೆಸರನ್ನು ಇಷ್ಟು ವರ್ಷ ಕಾಪಾಡಿದ್ದು ಈ ರೂಢಿ. ಅವರು ಉಳಿಸಿದ ಕೂಸುಗಳು ಓಣಿ ತುಂಬ ಆಡಿದವು, ಸಾಲಿಗೆ ಹೋದವು, ಬ್ಯಾನರಿನಲ್ಲಿ ಕೈಮುಗಿದವು. ಕೆಂಪು ಸುತ್ತು ಬಿದ್ದ ಕೂಸುಗಳು ಇದ್ದವೆಂಬುದೇ ಯಾರಿಗೂ ತಿಳಿಯಲಿಲ್ಲ.

ರಿಪೋರ್ಟ್ ನೋಡಿದೆ. ಸುತ್ತು ಬಿದ್ದದ್ದು ಐಜಿಜಿ ಎಂಬುದರ ಮುಂದೆ. ಅದು ಹಳೆಯ ಪ್ರತಿಕಾಯ, ಒಮ್ಮೆ ಬಂದರೆ ಬಹುಮಟ್ಟಿಗೆ ಜೀವನಪರ್ಯಂತ ಇರುತ್ತದೆ. ಹೊಸ ಸೋಂಕಿಗೆ ಮೊದಲು ಏಳುವ ಐಜಿಎಂ ಅದರ ಕೆಳಗಿನ ಸಾಲಿನಲ್ಲೇ ಇತ್ತು, ನೆಗೆಟಿವ್ ಎಂದು. ಕೆಳಗಿನ ಸಾಲಿಗೆ ಕಣ್ಣು ಇಳಿಸುವ ತ್ರಾಸವನ್ನೂ ಆ ಮಹಾನುಭಾವ ತೆಗೆದುಕೊಂಡಿರಲಿಲ್ಲ.

"ತಂಗಿ, ಸಾಲ್ಯಾಗ ಇದ್ದಾಗ ತೋಳಿಗೆ ದಡಾರದ ಸೂಜಿ ಹಾಕಿದ್ರೇನು?" ಕೇಳಿದೆ.

"ಹಾಕಿದ್ರಲ್ರಿ, ಎಲ್ಲಾರಿಗೂ," ಅಂದಳು ರೇಣುಕಾ. "ಹುಡಿಗ್ಯಾರೆಲ್ಲಾ ಅತ್ತಿದ್ವಿ."

ದಡಾರದ ಜೊತೆಗೆ ರುಬೆಲ್ಲಾ ಲಸಿಕೆಯೂ ಅದರಲ್ಲೇ ಇತ್ತು. ಮುಂದೆ ತಾಯಿಯಾದಾಗ ಹೊಟ್ಟೆಯ ಕೂಸಿಗೆ ರುಬೆಲ್ಲಾ ತಾಗದಿರಲಿ ಎಂದೇ ಅದನ್ನು ಹಾಕುವುದು. ಆ ಲಸಿಕೆ ಹತ್ತಿದೆ, ಕೂಸಿಗೆ ಕಾವಲಿದೆ ಎಂದು ರಕ್ತ ಹೇಳುತ್ತಿತ್ತು. ಅದನ್ನೇ ಹಿಡಿದು ಸಾಹೇಬರು ಕೂಸನ್ನು ತೆಗೆಸಲು ಹೇಳಿದ್ದರು.

"ಏನೂ ಆಗಿಲ್ಲ. ತಗಿಯೂದ ಬ್ಯಾಡ," ಅಂದೆ.

ನೀಲವ್ವನ ಮುಖ ಅರಳಲಿಲ್ಲ, ಬಿಗಿಯಿತು. "ಹಂಗಂದ್ರ ಹೆಂಗ್ರಿ? ಸಾಹೇಬ್ರು ಅಂದ್ರ ದೇವರ್ರಿ ನಮಗ. ನನ್ನ ಮಗಾ ಅವರ ಕೈಯಾಗ ಹುಟ್ಯಾನ. ಹಿಂದಕಿನ ಎರಡಕ್ಕೂ ಇದೇ ರೋಗ ಇತ್ತರಿ, ಅವರೇ ತಗದು ಪುಣ್ಯಾ ಕಟಗೊಂಡಾರ."

"ಹಿಂದಕಿನ ಎರಡು?"

ಮತ್ತೊಂದು ಗಂಟಿನಿಂದ ಹಳೆಯ ರಿಪೋರ್ಟುಗಳು ಬಂದವು. ಅದೇ ಐಜಿಜಿ, ಅದೇ ಸುತ್ತು, ಕೆಳಗೆ ಅದೇ ನೆಗೆಟಿವ್. ಲಸಿಕೆಯ ಗುರುತು ಹೋಗುವಂಥದ್ದಲ್ಲ. ಎಷ್ಟು ಸಲ ಬಸುರಿಯಾದರೂ ಪಾಸಿಟಿವೇ ಬರುವುದು. ಸಾಹೇಬರ ಕೈಯಲ್ಲಿರುವವರೆಗೆ ಈ ಹುಡುಗಿ ತಾಯಿಯಾಗುವ ಮಾತೇ ಇರಲಿಲ್ಲ.

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ರೇಣುಕಾ ಮೆಲ್ಲಗೆ ಅಂದಳು, "ಇದೂ ಹೋದ್ರ ನನ್ನ ತವರಿಗೆ ಕಳಸ್ತಾರ್ರಿ ಅಕ್ಕಾರ. ರೋಗದಾಕಿ ಅಂತ."

ನಾನು ಎರಡು ವಾರದ ಅಂತರದಲ್ಲಿ ಮತ್ತೊಮ್ಮೆ ರಕ್ತ ನೋಡಿಸಿದೆ. ಹೊಸ ಸೋಂಕಾಗಿದ್ದರೆ ಐಜಿಜಿ ಏರಬೇಕಿತ್ತು, ಏರಲಿಲ್ಲ. ನೀಲವ್ವನಿಗೆ ತಿಳಿಸಿ ಹೇಳಿದೆ, ಬೈದೆ, ಚಹಾ ಕುಡಿಸಿ ಮತ್ತೆ ಹೇಳಿದೆ. "ನೀವು ಹೇಳೂದು ಖರೆ ಇರಬಹುದ್ರಿ. ಸಾಹೇಬ್ರು ಹೂಂ ಅನಬೇಕಲ್ರಿ" ಎಂಬಲ್ಲಿಗೆ ಬಂದು ನಿಂತಳು. ನನಗೆ ತಲೆ ಕೆಟ್ಟಿತು. ಅದೇ ಲ್ಯಾಬಿನಲ್ಲಿ ನನ್ನ ರಕ್ತವನ್ನೂ ಕೊಟ್ಟು ಅದೇ ಪರೀಕ್ಷೆ ಮಾಡಿಸಿದೆ; ಸಣ್ಣವಳಿದ್ದಾಗ ನನಗೂ ರುಬೆಲ್ಲಾ ಬಂದುಹೋಗಿತ್ತು. ಅತ್ತೆ-ಸೊಸೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಜಮಖಂಡಿಗೆ ಹೊರಟೆ.

ಸಾಹೇಬರು ಪ್ರಸನ್ನರಾಗಿದ್ದರು. ಮೇಜಿನ ಪಕ್ಕದಲ್ಲಿ ಅವರ ಮುಧೋಳ ತಳಿಯ ನಾಯಿ ಮಲಗಿತ್ತು. ತಿಮ್ಮಾಪುರದ ತಳಿ ಕೇಂದ್ರದಿಂದ ಮರಿ ತಂದು ಸಾಕಿದ್ದು, ಸಾಹೇಬರ ಮನೆಯಲ್ಲಿ ವೈದ್ಯಕೀಯ ಗಮನ ಸರಿಯಾಗಿ ಸಿಕ್ಕ ಜೀವ ಬಹುಶಃ ಅದೊಂದೇ. ನಾನು ಐಜಿಎಂ ನೆಗೆಟಿವ್ ಇದೆ, ಇದು ಲಸಿಕೆಯ ಗುರುತು ಎಂದು ಎಷ್ಟು ಸೌಮ್ಯವಾಗಿ ಸಾಧ್ಯವೋ ಅಷ್ಟು ಸೌಮ್ಯವಾಗಿ ಹೇಳಿದೆ.

"ಪಾಸಿಟಿವ್ ಅಂದ್ರ ಪಾಸಿಟಿವ್ ಮೇಡಂ," ಅಂದರು. "ರಕ್ತ ಸುಳ್ಳ ಹೇಳೂದಿಲ್ಲ."

"ಈ ನಾಯಿಗೆ ವರ್ಷಾ ಸೂಜಿ ಹಾಕಸ್ತೀರಿ. ಇದರ ರಕ್ತದಾಗೂ ಪ್ರತಿಕಾಯ ಇರತಾವ. ರೋಗ ಐತಿ ಅಂತ ಇದನ್ನೂ ಕೊಲ್ಲಸ್ತೀರೇನು?"

ಅವರ ಮುಖ ಕೆಂಪೇರಿತು. "ನನ್ನ ನಾಯಿ ಸುದ್ದಿಗೆ ಬರಬ್ಯಾಡ್ರಿ!"

ಆತು ಬಿಡ್ರಿ ಎಂದು, ಬ್ಯಾಗಿನಿಂದ ನನ್ನ ರಿಪೋರ್ಟ್ ತೆಗೆದು, ಹೆಸರು ಮತ್ತು ವಯಸ್ಸಿದ್ದ ಮೇಲ್ತುದಿಯನ್ನು ಹಿಂದಕ್ಕೆ ಮಡಚಿ ಕೊಟ್ಟೆ. "ಇನ್ನೊಂದ ಕೇಸ್ ಐತ್ರಿ. ಇದನ್ನೂ ನೋಡಿ ಹೇಳ್ರಿ."

ತಲೆಯೆತ್ತಲಿಲ್ಲ. ಮಡಿಕೆ ಬಿಚ್ಚಲಿಲ್ಲ. ಕೆಂಪು ಪೆನ್ನು ಹೊರಗೆ ಬಂತು, ಸುತ್ತು ಬಿತ್ತು, ಎರಡು ತುದಿ ಸರಿಯಾಗಿ ಕೂಡಿದವು. "ಇದೂ ಅದೇ. ತಗಸಬೇಕು. ಎಷ್ಟ ತಿಂಗಳಾ?"

"ಐವತ್ತಾರ ವರ್ಷಾ ರೀ."

"ಆಂ?"

ಮಡಿಕೆ ಬಿಚ್ಚಿ ಹಿಡಿದೆ. "ನನ್ನ ರಕ್ತಾ ರೀ ಇದು. ಮುಟ್ಟ ನಿಂತು ಯಾವ ಕಾಲಾ ಆತು. ಏನ ತಗೀತೀರಿ? ತಗೀರಿ, ನೋಡೋಣು."

ನೀಲವ್ವ ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗದೆ ನಗು ಸಿಡಿಯಿತು. ಆ ನಗು ಅರ್ಧಕ್ಕೇ ನಿಂತಿತು. "ಸಾಹೇಬ್ರ," ಅಂದಳು, "ಅಕ್ಕಾರಿಗೂ ತಗಸ ಅಂದ್ರೇನ್ರಿ?"

"ಲ್ಯಾಬಿನವರದು ಏನೋ ಗಡಬಡಿ ಆಗೇತಿ..." ಸಾಹೇಬರು ಕನ್ನಡಕ ಒರೆಸತೊಡಗಿದರು. "ನಿನ್ನ ಮಗನ್ನ ಈ ಕೈಲೇ ಹೊರಗ ತಂದೇನಿ ನೀಲವ್ವ, ಮರೀಬ್ಯಾಡ."

"ಮರತಿಲ್ರಿ. ಅದಕ್ಕ ನೀವು ಅಂದ ಮಾತ ಕೇಳಿದ್ವಿ, ಎರಡ ಸಲಾ," ಎಂದು ಆಕೆ ಎದ್ದಳು. "ನಡಿಯವಾ ರೇಣುಕಾ, ಮನಿಗೆ."

ಅವರು ಬಾಗಿಲು ದಾಟುವವರೆಗೂ ಸಾಹೇಬರು ಕನ್ನಡಕ ಒರೆಸುತ್ತಲೇ ಇದ್ದರು. ಆಮೇಲೆ ನನಗೆ, "ಪೇಶಂಟ್ ಮುಂದ ಹಿಂಗ ಅವಮಾನ ಮಾಡಬಾರದಿತ್ತು ನೀವು," ಅಂದರು. ಹುಡುಗಿಯ ವಿಷಯ ಒಂದು ಮಾತಿಲ್ಲ. ತಪ್ಪಾಯಿತೇ ಎಂಬ ಅಳುಕೂ ಇಲ್ಲ. ಅವಮಾನವಂತೆ!

ಊರಿಂದ ಹೊರಗೆ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿ ನಿಂತಿದ್ದವು. ಕಾರು ನಿಲ್ಲಿಸಿದೆ. ಗೆದ್ದ ಖುಷಿ ನನಗೆ. ರೇಣುಕಾಳಿಗೆ ಹೇಳಿದೆ, "ಇನ್ನ ಹೆದರಬ್ಯಾಡ ತಂಗಿ. ಸೂಜಿದು ಗುರುತು ಅದು, ಸಾಯೂಮಟಾ ಇರತೈತಿ. ನಿನ್ನ ಕೂಸಿಗೆ ಅದೇ ಕಾವಲು."

ಆಕೆ ನನ್ನ ಕಡೆ ತಿರುಗಿದಳು. "ಮೊದಲ ಸಲಾನೂ ಇತ್ತೇನ್ರಿ ಈ ಗುರುತು?"

"ಇತ್ತವಾ."

"ಹಂಗಾದ್ರ ಮೊದಲಿನ ಎರಡು?"

"ಸುಮ್ನಿರ ಬೇ," ಅಂದಳು ನೀಲವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ನನಗೆ ಸುಳ್ಳು ಹೇಳಲಾಗಲಿಲ್ಲ. "ಅವೂ ಛಲೋನೇ ಇದ್ದುವು ತಂಗಿ. ಈ ರೋಗ ಅವುಕ್ಕ ಇರಲಿಲ್ಲ."

ಆಕೆ ಅಳಲಿಲ್ಲ. ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕಬ್ಬಿನ ಗಾಡಿಗಳನ್ನು ನೋಡುತ್ತ ಕೂತಳು.

ಬೀಳಗಿಯ ತವರಿನವರು ಬಂದು ಕಳ್ಳಕುಬಸ ಮಾಡಿದರು. ತುಂಬಿದ ತಿಂಗಳಲ್ಲಿ ಹೆಣ್ಣು ಕೂಸು ಹುಟ್ಟಿತು, ಇಡೀ ವಾರ್ಡು ಹಾರಿಹೋಗುವಂತೆ ಚೀರುವ ಕೂಸು. ಸುದ್ದಿ ಸಾಹೇಬರಿಗೂ ಮುಟ್ಟಿತು. ಒಂದು ಮದುವೆಯಲ್ಲಿ ಎದುರಾದಾಗ ತಾವಾಗಿಯೇ ಹೇಳಿದರು, "ನೋಡಿದ್ರಿಲ್ಲೋ? ನಾ ಮೊದಲ ಕೊಟ್ಟಿದ್ದ ಗುಳಗಿ ಕೆಲಸಾ ಮಾಡೇತಿ." ಅವರು ಕೊಟ್ಟದ್ದು ಕಬ್ಬಿಣಾಂಶದ ಗುಳಿಗೆ. ಎಲೆಯ ಮುಂದೆ ಕೂತಿದ್ದೆನೆಂದು ಸುಮ್ಮನಾದೆ, ಇಲ್ಲವಾದರೆ ಅಲ್ಲೇ ಅವರ ನುಡಿನಮನ ಆಗುತ್ತಿತ್ತು. ಕೊನೆಯವರೆಗೂ ಅವರ ಜೇಬಿನಲ್ಲಿ ಆ ಪೆನ್ನಿತ್ತು. ಎಷ್ಟು ಸುತ್ತು ಹಾಕಿದರೋ, ಸಾಕ್ಷಿ ಹೇಳಬೇಕಾದವರು ಹುಟ್ಟಲೇ ಇಲ್ಲವಲ್ಲ.

ನುಡಿನಮನಕ್ಕೆ ಹೋದೆ. ಮಾತಾಡಲು ಅಲ್ಲ, ಊರಿನವರು ಏನೇನು ಹೇಳುತ್ತಾರೆಂದು ಕೇಳಲು. ಕಲ್ಯಾಣಮಂಟಪ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಫೋಟೋ, ಸೇವಂತಿಗೆ ಹಾರ. ಫೋಟೋದಲ್ಲೂ ಅಂಗಿಯ ಜೇಬಿನ ಮೇಲೆ ಪೆನ್ನಿನ ಕೆಂಪು ಟೊಪ್ಪಿಗೆ. ಒಬ್ಬರು ದೇವರು ಅಂದರು, ಇನ್ನೊಬ್ಬರು ದೇವರಿಗಿಂತ ಮೇಲು ಅಂದರು, ಮೂರನೆಯವರಿಗೆ ಏರಲು ಜಾಗವೇ ಉಳಿಯದೆ ಕಣ್ಣೀರು ಹಾಕಿದರು. ಕಾರ್ಯದರ್ಶಿ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ.

"ಸಾಹೇಬರಿಂದ ಉಪಕಾರ ಆದ ತಾಯಂದಿರು ಯಾರಾದರೂ ಎರಡು ಮಾತಾಡಬಹುದು," ಎಂದು ಮೈಕಿನಲ್ಲಿ ಕೂಗಿದರು.

ಹೆಂಗಸರ ಸಾಲಿನಲ್ಲಿ ರೇಣುಕಾ ಎದ್ದಳು. ಬಂದಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಟೊಂಕದ ಮೇಲೆ ಕೂಸು. ಪಕ್ಕದಲ್ಲಿದ್ದ ನೀಲವ್ವ ಸೆರಗು ಹಿಡಿದು ಜಗ್ಗಿದಳು, ಆಮೇಲೆ ಯಾಕೋ ಬಿಟ್ಟುಬಿಟ್ಟಳು. ಕಾರ್ಯದರ್ಶಿ ಖುಷಿಯಿಂದ ಮೈಕನ್ನು ಆಕೆಯ ಬಾಯಿಗೆ ಹಿಡಿದರು. "ಬಾ ತಂಗಿ. ಇದು ಚೊಚ್ಚಲ ಕೂಸೇನು?"

"ಅಲ್ರಿ. ಮೂರನೇದು."

ಹೆಂಗಸರ ಸಾಲಿನಲ್ಲಿ ಬನಹಟ್ಟಿಯ ಓಣಿಯವರು ಹೊರಳಿ ನೋಡಿದರು. ಈ ಮನೆಯಲ್ಲಿ ಹುಟ್ಟಿದ್ದು ಇದೊಂದೇ ಕೂಸೆಂದು ಅವರಿಗೆಲ್ಲ ಗೊತ್ತು.

"ಮೊದಲಿನ ಎರಡು ಸಾಹೇಬ್ರು ತಗದ್ರು," ಅಂದಳು ರೇಣುಕಾ. "ರೋಗ ಐತಿ ಅಂದ್ರು. ಇರಲಿಲ್ಲಂತ. ಎರಡೂ ಛಲೋ ಇದ್ದುವಂತ. ಯಾರಿಗೂ ಹೇಳಿರಲಿಲ್ರಿ ನಾವು. ಇಲ್ಲಿ ನನ್ನಂತಾಕಿ ಇನ್ಯಾರರ ಇದ್ರ, ಅವರೂ ಹೇಳ್ರಿ."

ಅಷ್ಟು ಹೇಳಿ ಕೂತುಬಿಟ್ಟಳು. ಕಾರ್ಯದರ್ಶಿಯ ಕೈಯಲ್ಲಿ ಮೈಕು ಹಾಗೇ ಇತ್ತು. ಗಂಡಸರು ಫೋಟೋ ನೋಡಿದರು, ನೆಲ ನೋಡಿದರು. ಹೆಂಗಸರ ಸಾಲಿನಲ್ಲಿ ಹಿಂದೆ ಯಾರೋ ಒಬ್ಬಳು ಬಿಕ್ಕಿದಳು. ಸ್ವಲ್ಪ ಈಚೆಗೆ ಇನ್ನೊಬ್ಬಳು.

ಏನು ಮಾಡಬೇಕೆಂದು ತಿಳಿಯದೆ ಕಾರ್ಯದರ್ಶಿ ಗಡಬಡಿಸಿ, "ಈಗ ಎಲ್ಲರೂ ಎದ್ದು ನಿಂತು ಮೌನ ಆಚರಿಸೋಣ," ಎಂದುಬಿಟ್ಟರು. ಕುರ್ಚಿಗಳು ಸರಿದವು. ಸಭೆ ಎದ್ದು ನಿಂತಿತು. ಆ ಫೋಟೋಕ್ಕೆ ಎದ್ದು ನಿಲ್ಲಬಾರದೆಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದವಳು ನಾನು. ರೇಣುಕಾ ಕೂಸನ್ನು ಎದೆಗವಚಿಕೊಂಡು ಎದ್ದು, ಫೋಟೋಕ್ಕೆ ಬೆನ್ನು ಮಾಡಿ, ಹಿಂದೆ ಬಿಕ್ಕುತ್ತಿದ್ದ ಹೆಂಗಸರ ಕಡೆ ಮುಖ ಮಾಡಿ ನಿಂತಳು. ನಾನೂ ಎದ್ದು, ಆಕೆ ನಿಂತ ಹಾಗೆಯೇ ನಿಂತೆ.